ಕ್ಯಾಪ್ಟನ್ ಬಾರ್ನಾಬಾನ ಕೂಗು

ಎವಾಲ್ಡ್ ಸತ್ತು ವರ್ಷ ತುಂಬಿದ ಭಾನುವಾರ, ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ, ಅವನ ಹೆಂಡತಿ ಟ್ರೂಡಾ ಮೂವರು ಗೆಳೆಯರನ್ನೂ ಊಟಕ್ಕೆ ಕರೆದಳು. ಬರೀ ಊಟ ಅಂದುಕೊಂಡೇ ಗೆರಾರ್ಡ್ ಹೋದ. ಮಾಂಸದ ಸುರುಳಿ, ನಡುವೆ ಗುಳಿಯಿದ್ದ ಆಲೂಗಡ್ಡೆ ಕಡುಬು, ನೇರಳೆ ಕೋಸಿನ ಪಲ್ಯ, ಎಲ್ಲವೂ ಎವಾಲ್ಡ್ ಇದ್ದಾಗಿನ ಹಾಗೆಯೇ ಇತ್ತು. ಗುಳಿಯಲ್ಲಿ ಸಾರು ತುಂಬಿಕೊಂಡು ತಿಂದದ್ದೂ ಆಯಿತು. ಆಮೇಲೆ ಟ್ರೂಡಾ ತಟ್ಟೆ ತೆಗೆದಳು, ಮೇಜಿನ ಮೇಣಬಟ್ಟೆ ಒರೆಸಿದಳು, ಬೀರುವಿನ ಮೇಲಿನಿಂದ ಬಿಸ್ಕತ್ತಿನ ಹಳೇ ಡಬ್ಬಿಯೊಂದನ್ನು ಇಳಿಸಿ ಮೇಜಿನ ನಡುವೆ ಇಟ್ಟಳು.

ಡಬ್ಬಿಯಲ್ಲಿ ಏನಿದೆ ಎಂದು ಗೆರಾರ್ಡ್‌ಗೆ ತೆರೆಯುವ ಮೊದಲೇ ಗೊತ್ತಿತ್ತು. ದಾಳಗಳು, ಪೆನ್ಸಿಲಿನ ಚೂರುಗಳು, ಪಾತ್ರಗಳ ಮೂರು ಹಾಳೆ, ಮತ್ತು ಅವನದೇ ಕೈಬರಹದ ಹಸಿರು ರಟ್ಟಿನ ಪುಸ್ತಕ.

"ಆಡಿ," ಎಂದಳು ಟ್ರೂಡಾ. "ಎವಾಲ್ಡ್ ಹಾಳೆ ನಾನು ಹಿಡೀತೀನಿ."

ಹನ್ನೊಂದು ವರ್ಷ ಇದೇ ಅಡುಗೆಮನೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಆಟ ನಡೆದಿತ್ತು. ಒಂದು ಸಲವೂ ಟ್ರೂಡಾ ಅದಕ್ಕೆ ಕೂತವಳಲ್ಲ. ಕಡುಬು ಹಿಸುಕುತ್ತ, ಕೇಕು ಕೊಯ್ಯುತ್ತ, ಬೆನ್ನು ತಿರುಗಿಸಿಕೊಂಡೇ ಎಲ್ಲ ಕೇಳಿಸಿಕೊಂಡಿದ್ದಳು. ನರೆ ಬಂದ ನಾಲ್ವರು ಗಂಡಸರು ಕಾಗದದ ಮೇಲಿನ ಕತ್ತಿ ಹಿಡಿದು ಕಾಗದದ ಮೇಲಿನ ರಾಕ್ಷಸರನ್ನು ಕೊಲ್ಲುವುದನ್ನು ನೋಡಿದರೆ ಯಾವ ಹೆಂಗಸಿಗೂ ನಗು ಬರಬೇಕು. ಆಟ ಎಂದರೆ ಇಷ್ಟೇ. ಮೂವರು ಒಂದೊಂದು ಪಾತ್ರವಾಗುತ್ತಿದ್ದರು. ಟ್ರಾಮ್ ಓಡಿಸುವ ಹೂಬೆರ್ಟ್ ಮಂತ್ರವಾದಿ, ಇತಿಹಾಸದ ಮೇಷ್ಟ್ರು ರೂಫಿನ್ ಬಿಲ್ಲುಗಾರ, ಎವಾಲ್ಡ್ ಅವರ ಕ್ಯಾಪ್ಟನ್ ಬಾರ್ನಾಬಾ. ನಾಲ್ಕನೆಯವನಾದ ಗೆರಾರ್ಡ್ ಆಟ ನಡೆಸುವವನು. ಕಾಡು ಹೇಗಿದೆ, ಶತ್ರು ಎಲ್ಲಿದ್ದಾನೆ, ಏಟು ಬಿದ್ದರೆ ಏನಾಗುತ್ತದೆ, ಎಲ್ಲ ಅವನು ಹೇಳಿದ ಹಾಗೆ. ಅವನಿಗೂ ತಿಳಿಯದ್ದನ್ನು ದಾಳ ಹೇಳುತ್ತಿತ್ತು.

ಗೆರಾರ್ಡ್ ಹೊಟ್ಟೆಪಾಡಿಗೆ ಮಾಡುವ ಕೆಲಸ ಬೇರೆ. ರೂದಾ ಊರಿನ ಕಲ್ಲಿದ್ದಲು ಗಣಿಯಲ್ಲಿ ರಕ್ಷಣಾ ತಂಡದವನು. ಕೆಳಗೆ ಮಣ್ಣು ಕುಸಿದರೆ, ಅನಿಲ ತುಂಬಿದರೆ, ಎಲ್ಲರೂ ಮೇಲಕ್ಕೆ ಓಡುವಾಗ ಕೆಳಕ್ಕೆ ಹೋಗುವ ಐವರಲ್ಲಿ ಒಬ್ಬ. ಎವಾಲ್ಡ್ ಅದೇ ಗಣಿಯಲ್ಲಿ ವಿದ್ಯುತ್ ಕೆಲಸದವನು. ಹೋದ ವರ್ಷ ಫೆಬ್ರವರಿಯಲ್ಲಿ ಏಳುನೂರು ಮೀಟರ್ ಆಳದಲ್ಲಿ ಬಂಡೆ ಸಿಡಿದು ಸುರಂಗ ಕುಸಿದಾಗ ಅವನ ಹತ್ತಿರ ಮೊದಲು ತೆವಳಿಕೊಂಡು ಹೋದವನು ಗೆರಾರ್ಡ್. ಕೊನೆಯ ಮೂರು ಗಂಟೆ ಅವನ ಪಕ್ಕದಲ್ಲಿ ಮಲಗಿದ್ದವನೂ ಅವನೇ.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಆ ಮೂರು ಗಂಟೆಯ ಬಗ್ಗೆ ಗೆರಾರ್ಡ್ ಟ್ರೂಡಾಗೆ ಸುಳ್ಳು ಹೇಳಿದ್ದ. ಒಂದು ವರ್ಷದಲ್ಲಿ ಅವಳು ಮೂರು ಸಲ ಕೇಳಿದಳು. ಮೂರು ಸಲವೂ ಅವನು ಅದನ್ನೇ ಹೇಳಿದ. ನೋವಿರಲಿಲ್ಲ, ನಿದ್ದೆಯಲ್ಲಿದ್ದ, ಏನೂ ಮಾತಾಡಲಿಲ್ಲ. ಮೂರನೆಯ ಸಲ ಟ್ರೂಡಾ, "ಎವಾಲ್ಡ್ ನಿದ್ದೇಲೂ ಮಾತಾಡೋನು, ಗೆರಾರ್ಡ್," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಿದ್ದಳು. ಅಂದಿನಿಂದ ಅವನು ಈ ಬೀದಿಗೇ ಕಾಲಿಟ್ಟಿರಲಿಲ್ಲ. ಈಗ ಡಬ್ಬಿ ಎದುರಿಗೆ ಕೂತಿತ್ತು.

ಎವಾಲ್ಡ್‌ಗೂ ಅವನಿಗೂ ಹನ್ನೊಂದು ವರ್ಷ ಒಂದೇ ಜಗಳ. ಅಂಗಡಿಯಿಂದ ತಂದ ಆಟದ ಪುಸ್ತಕದಲ್ಲಿ ಕ್ಯಾಪ್ಟನ್‌ಗೆ ಒಂದು ಶಕ್ತಿ ಇತ್ತು. ದಿನಕ್ಕೆ ಒಂದು ಸಲ, ಕೆಳಗೆ ಬಿದ್ದ ಸಂಗಾತಿಯ ಹೆಸರು ಹಿಡಿದು ಅವನು ಕೂಗಬಹುದು. ಕೂಗಿದರೆ ಬಿದ್ದವನು ಎದ್ದು ನಿಲ್ಲುತ್ತಾನೆ. ಗೆರಾರ್ಡ್ ಮೊದಲ ತಿಂಗಳೇ ಅದರ ಮೇಲೆ ಗೀಟು ಎಳೆದ.

"ಕೂಗಿದ್ರೆ ಗಾಯ ಮುಚ್ಚುತ್ತಾ?" ಅನ್ನುತ್ತಿದ್ದ ಅವನು. "ನಾನು ಕಂಡಿದ್ದೀನಿ. ಮುಚ್ಚಲ್ಲ. ಅದೂ ದಿನಕ್ಕೊಂದೇ ಸಲ ಯಾಕೆ? ಬೆಳಿಗ್ಗೆ ಕೂಗಿದೋನಿಗೆ ಮಧ್ಯಾಹ್ನ ಗಂಟಲು ನೋವಾ?"

"ಹತ್ತು ಸಲ ಕೂಗಿದ್ರೆ ಸಂತೆ ಆಗುತ್ತೆ ಮಾರಾಯ," ಅನ್ನುತ್ತಿದ್ದ ಎವಾಲ್ಡ್. "ಒಂದೇ ಸಲ ಕೂಗಿದ್ರೆ ಮೈ ಜುಮ್ ಅನ್ನುತ್ತೆ. ಕೂಗು ಗಾಯಕ್ಕಲ್ಲವೋ, ಕಥೆಗೆ. ಆ ಹಾಳೆ ಮೇಲೆ ಬರೆದಿರೋ ಜೀವದ ಅಂಕಿ ರಕ್ತ ಅಂದ್ಕೊಂಡಿದ್ದೀಯ ನೀನು. ರಕ್ತ ಅಲ್ಲ. ಈ ಕಥೇಲಿ ಅವನಿಗೆ ಇನ್ನೆಷ್ಟು ಕೆಲಸ ಬಾಕಿ ಇದೆ ಅನ್ನೋದು."

"ಬೆರಳ ತುದೀಲಿ ಬೆಂಕಿ ಉಗುಳೋ ನನ್ನನ್ನ ಯಾವತ್ತೂ ಏನೂ ಕೇಳಲ್ಲ ಇವನು," ಎಂದು ಹೂಬೆರ್ಟ್ ಮೇಜು ಕುಟ್ಟಿ ನಗುತ್ತಿದ್ದ. "ಪಾಪ ಕ್ಯಾಪ್ಟನ್ ಬಾಯಿ ತೆಗೆದ್ರೆ ಸಾಕು, ಡಾಕ್ಟರ್ ಸರ್ಟಿಫಿಕೇಟ್ ತಗೊಂಡು ಬಾ ಅಂತಾನೆ."

ಹೂಬೆರ್ಟ್‌ನ ನಗು ಎಂದರೆ ಸಣ್ಣ ನಗುವಲ್ಲ. ಎರಡು ಮಹಡಿ ಮೇಲಿದ್ದ ಕಿವಿ ಮಂದವಾಗಿದ್ದ ಪೆಲಾಗಿಯಾ ಅಜ್ಜಿಗೂ ಅದು ಕೇಳಿಸಿ, ಅವಳು ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ಮೇಲೆ ಸೌಟಿನಿಂದ ಟಣ್ ಟಣ್ ಟಣ್ ಎಂದು ಮೂರು ಸಲ ಬಡಿಯುತ್ತಿದ್ದಳು. ಕೊಳವೆ ಎಲ್ಲ ಮನೆಗಳನ್ನು ಹಾದು ಬರುತ್ತಿದ್ದರಿಂದ ಆ ಬೈಗುಳ ಇವರ ಅಡುಗೆಮನೆಗೆ ನೆಟ್ಟಗೆ ಇಳಿಯುತ್ತಿತ್ತು. ಅದು ಕೇಳಿದಾಗಲೆಲ್ಲ ಗೆರಾರ್ಡ್‌ನ ಕೈ ತಾನಾಗಿ ಕೊಳವೆಯ ಕಡೆಗೆ ಹೋಗುತ್ತಿತ್ತು. ಗಣಿಯಲ್ಲಿ ಕೊಳವೆಯ ಮೇಲೆ ಬಡಿತ ಕೇಳಿದರೆ ಅಷ್ಟೇ ಸಲ ತಿರುಗಿ ಬಡಿಯಬೇಕು. ಕೇಳಿಸಿತು, ಬರುತ್ತಿದ್ದೇವೆ ಎಂದು ಅದರ ಅರ್ಥ. ಹತ್ತೊಂಬತ್ತು ವರ್ಷದ ಚಾಳಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅವನ ಕೈ ನೋಡಿ ಎವಾಲ್ಡ್ ಇನ್ನಷ್ಟು ನಗುತ್ತಿದ್ದ.

ಕೂಗಿಗೆ ಗೀಟು ಎಳೆದವನು ಅಲ್ಲಿಗೇ ನಿಲ್ಲಲಿಲ್ಲ. ಅಂಗಡಿಯ ಪುಸ್ತಕ ಸರಿಯಿಲ್ಲವೆಂದು ತಾನೇ ಒಂದು ಬರೆದ. ಅದೇ ಹಸಿರು ಪುಸ್ತಕ. ಪಕ್ಕೆಲುಬು ಮುರಿದರೆ ಎಷ್ಟು ದಿನ, ತೊಡೆಯ ರಕ್ತನಾಳ ಹರಿದರೆ ಎಷ್ಟು ನಿಮಿಷ, ಹೊಗೆ ಕುಡಿದರೆ ಎಷ್ಟು ಹೆಜ್ಜೆ ಎಂದು ನಲವತ್ತಮೂರು ಪುಟ. ತನ್ನ ಕಣ್ಣಾರೆ ಕಂಡದ್ದನ್ನೇ ಬರೆದಿದ್ದ, ಒಂದು ಸಾಲೂ ಉತ್ಪ್ರೇಕ್ಷೆ ಇರಲಿಲ್ಲ. ಕೆಳಗೆ ಕಂಡದ್ದನ್ನು ಹೆಂಡತಿಯಿಲ್ಲದ ಮನೆಯಲ್ಲಿ ಯಾರಿಗೆ ಹೇಳಬೇಕು? ಪುಸ್ತಕಕ್ಕೆ ಹೇಳಿದ. ಗೆಳೆಯರು ಗೊಣಗಿದರೂ ಅದೇ ಲೆಕ್ಕದಲ್ಲಿ ಆಡಿದರು, ಪುಟಗಳು ಅವರಿಗೆ ಬಾಯಿಪಾಠವಾದವು. ಗೆರಾರ್ಡ್‌ಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

"ಹೇಗೆ ಆಡೋದು ಹೇಳಿ," ಎಂದಳು ಟ್ರೂಡಾ. ಎವಾಲ್ಡ್‌ನ ಕುರ್ಚಿಯಲ್ಲೇ ಕೂತಿದ್ದಳು.

ಹೂಬೆರ್ಟ್ ಗಂಟಲು ಸರಿಮಾಡಿಕೊಂಡ. "ಹೋದ ಸಲ ದೋಣೀಲಿ ನಿಲ್ಲಿಸಿದ್ವಿ. ಹೊಳೆ ಮಧ್ಯೆ."

"ದೋಣಿ ಬೇಡ. ಬಾರ್ನಾಬಾ ಮೇಲೆ ಗೋಡೆ ಬಿದ್ದಿದೆ. ಸೊಂಟದವರೆಗೂ ಕಲ್ಲು."

"ಹೊಳೆ ಮಧ್ಯೆ ಗೋಡೆ ಎಲ್ಲಿಂದ ಬರುತ್ತೆ ಟ್ರೂಡಾ?"

"ಈಗ ಬಂತು."

ರೂಫಿನ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಮೇಷ್ಟ್ರಿಗೆ ಅರ್ಥವಾಗಿತ್ತು. ಹೂಬೆರ್ಟ್‌ಗೂ ಅರ್ಥವಾಯಿತು, ಸ್ವಲ್ಪ ತಡವಾಗಿ. ಅವನು ಕೈಯಲ್ಲಿದ್ದ ದಾಳವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಟ್ರೂಡಾ ಏಪ್ರನ್ನಿನ ಜೇಬಿನಿಂದ ಇನ್ನೊಂದು ದಾಳ ತೆಗೆದಳು. ಒಂದು ಮೂಲೆ ಒಡೆದ ಹಳೇ ದಾಳ. ಗೆರಾರ್ಡ್ ಅದನ್ನು ಗುರುತಿಸಿದ. ಗಣಿಯ ಸ್ನಾನದ ಮನೆಯಲ್ಲಿ ಎಲ್ಲರೂ ಕೆಳಗಿಳಿಯುವ ಮೊದಲು ಮನೆಯ ಬಟ್ಟೆಯನ್ನು ಸರಪಳಿಗೆ ಸಿಕ್ಕಿಸಿ ಸೂರಿಗೆ ಎಳೆದುಬಿಡುತ್ತಾರೆ. ಆ ದಿನ ಪಾಳಿ ಮುಗಿದು ಎಲ್ಲರ ಬಟ್ಟೆ ಇಳಿದ ಮೇಲೂ ಎವಾಲ್ಡ್‌ನದೊಂದು ಮೇಲೆಯೇ ನೇತಾಡುತ್ತಿತ್ತು. ಸರಪಳಿ ಬಿಟ್ಟು ಇಳಿಸಿದವನು ಗೆರಾರ್ಡ್. ಕೋಟಿನ ಜೇಬಿನಲ್ಲಿ ಈ ದಾಳ ಸಿಕ್ಕಿತ್ತು. ಬಟ್ಟೆಯ ಜೊತೆ ಅದನ್ನೂ ತಂದು ಟ್ರೂಡಾಗೆ ಕೊಟ್ಟಿದ್ದ.

ಅವಳು ಹಸಿರು ಪುಸ್ತಕ ತೆರೆದು ಹಾಳೆ ಮಗುಚಿದಳು. ಹುಡುಕಬೇಕಾಗಲಿಲ್ಲ, ಆ ಪುಟ ಎಷ್ಟೋ ಸಲ ತೆರೆದದ್ದಕ್ಕೆ ತಾನೇ ಬಿಚ್ಚಿಕೊಂಡಿತು.

"ಪುಟ ಮೂವತ್ತೊಂದು," ಎಂದು ಓದಿದಳು. "ಭಾರದ ಅಡಿ ಸಿಕ್ಕವನು. ನಾಲ್ಕು ಗಂಟೆ ಮೀರಿದ್ದರೆ ಮಾತಾಡುತ್ತಾನೆ, ನಗುತ್ತಾನೆ, ನೀರು ಕೇಳುತ್ತಾನೆ. ಭಾರ ಎತ್ತಿದ ಕೂಡಲೇ ಕಾಲಲ್ಲಿ ನಿಂತ ಕೆಟ್ಟ ರಕ್ತ ಎದೆಗೆ ಬರುತ್ತದೆ. ದಾಳ ಹಾಕಿ. ಆರು ಬಿದ್ದರೆ ಉಳಿಯುತ್ತಾನೆ." ತಲೆ ಎತ್ತಿದಳು. "ಇದನ್ನ ಯಾವಾಗ ಬರೆದೆ?"

"ಆರು ವರ್ಷ ಆಯ್ತು."

"ಎವಾಲ್ಡ್‌ಗೆ ಗೊತ್ತಿತ್ತು."

ಗೆರಾರ್ಡ್ ಹೌದೆಂದು ತಲೆಯಾಡಿಸಿದ.

"ಗೋಡೆ ಬಿದ್ದು ಹತ್ತು ಗಂಟೆ ಆಗಿದೆ ಅಂತ ಇಟ್ಕೋ," ಎಂದಳು. "ಬಾರ್ನಾಬಾ ಹತ್ರ ಗೆಳೆಯ ಒಬ್ಬ ಬಂದಿದ್ದಾನೆ. ಇನ್ನೇನು ಕಲ್ಲು ಎತ್ತಬೇಕು. ಎತ್ತೋಕೆ ಮುಂಚೆ ಬಾರ್ನಾಬಾ ಏನು ಹೇಳ್ತಾನೆ?"

"ಅದು ಹಾಳೆ ಹಿಡಿದೋರು ಹೇಳ್ಬೇಕು," ಎಂದ ಗೆರಾರ್ಡ್. ಹನ್ನೊಂದು ವರ್ಷ ಹೇಳಿ ರೂಢಿಯಾದ ಮಾತು, ಬಾಯಿಂದ ತಾನೇ ಬಂತು. ಬಂದ ಮೇಲೆ ಅವನಿಗೆ ನಾಲಗೆ ಕಚ್ಚಿಕೊಳ್ಳುವಂತಾಯಿತು.

"ನನಗೆ ಗೊತ್ತಿಲ್ಲವಲ್ಲ," ಎಂದಳು ಟ್ರೂಡಾ. "ನಿನಗೆ ಗೊತ್ತು."

ಅಡುಗೆಮನೆಯಲ್ಲಿ ಕೆಟಲ್ ಸದ್ದು ಮಾಡುತ್ತಿತ್ತು. ಯಾರೂ ಎದ್ದು ಆರಿಸಲಿಲ್ಲ. ಕೊನೆಗೆ ರೂಫಿನ್ ಆರಿಸಿ ಬಂದು ಕೂತ. ಗೆರಾರ್ಡ್ ಮೇಣಬಟ್ಟೆಯ ಹೂವಿನ ಮೇಲೆ ಉಗುರಿನಿಂದ ಗೆರೆ ಎಳೆಯುತ್ತಿದ್ದ. ಸುಳ್ಳನ್ನು ನಾಲ್ಕನೆಯ ಸಲ ಹೇಳಲು ಅವನು ಬಾಯಿ ತೆರೆದ. ಬರಲಿಲ್ಲ.

"ಅವನು ನಿದ್ದೇಲಿರ್ಲಿಲ್ಲ," ಎಂದ.

ಆಮೇಲೆ ಹೇಳುತ್ತ ಹೋದ. ಕುಸಿತವಾಗಿ ಏಳು ಗಂಟೆಯ ಮೇಲೆ ಕೊಳವೆಯ ಮೇಲೆ ಮೂರು ಬಡಿತ ಕೇಳಿದ್ದನ್ನು ಹೇಳಿದ, ತಾನು ಮೂರು ತಿರುಗಿ ಬಡಿದದ್ದನ್ನು ಹೇಳಿದ. ತೆವಳುವಷ್ಟೇ ಜಾಗ ಇತ್ತು. ಎವಾಲ್ಡ್‌ನ ಕಾಲ ಮೇಲೆ ಉಕ್ಕಿನ ಕಮಾನು, ಅದರ ಮೇಲೆ ಬಂಡೆ. ಮುಖ ಮಸಿ, ಹಲ್ಲು ಬಿಳಿ. ಗೆರಾರ್ಡ್‌ನನ್ನು ಕಂಡ ಕೂಡಲೇ ಅವನು ಆಡಿದ ಮೊದಲ ಮಾತು, "ನಿನ್ನ ಬಿಟ್ರೆ ಬೇರೆ ಯಾರೂ ಸಿಗ್ಲಿಲ್ವಾ ಇವರಿಗೆ?" ಎಂದು. ಮೇಲಿನಿಂದ ಫೋನಿನಲ್ಲಿ ಡಾಕ್ಟರು ಹೇಳಿದಂತೆ ಕೆಟ್ಟ ರಕ್ತ ತಿಳಿಯಾಗಲೆಂದು ಕೈಗೆ ಸೂಜಿ ಚುಚ್ಚಿ ಎರಡು ಬಾಟಲಿ ಸಲೈನ್ ಏರಿಸಿದ್ದಾಯಿತು. ತಂಡದ ಉಳಿದ ನಾಲ್ವರು ಬೆನ್ನ ಹಿಂದೆ ಕಬ್ಬಿಣ ಕೊಯ್ಯುತ್ತಿದ್ದರು. ಮೂರು ಗಂಟೆ ಎವಾಲ್ಡ್ ಬಾಯಿ ಮುಚ್ಚಲಿಲ್ಲ. ಹೂಬೆರ್ಟ್‌ನ ಮಂತ್ರವಾದಿ ಈಜು ಬಾರದೆ ದೋಣಿ ಹತ್ತಿದ್ದನ್ನು ನೆನೆಸಿ ನಕ್ಕ. ಟ್ರೂಡಾ ಮನೆಯಲ್ಲಿ ಸಾರನ್ನು ಮತ್ತೆ ಮತ್ತೆ ಬಿಸಿ ಮಾಡುತ್ತಿರುತ್ತಾಳೆ, ಪಾಪ, ಅಂದ.

ಟ್ರೂಡಾ ಆ ದಿನ ಸಾರನ್ನು ಐದು ಸಲ ಬಿಸಿ ಮಾಡಿದ್ದಳು. ಅವಳು ಅದನ್ನು ಹೇಳಲಿಲ್ಲ.

"ಆಮೇಲೆ ಮೇಲಿನಿಂದ ಕಲ್ಲು ಉದುರೋಕೆ ಶುರುವಾಯ್ತು," ಎಂದ ಗೆರಾರ್ಡ್. "ಇನ್ನು ಕಾಯೋ ಹಾಗಿರಲಿಲ್ಲ. ಡಾಕ್ಟರು ಈಗಲೇ ಎತ್ತಿ ಅಂದರು. ಎವಾಲ್ಡ್ ನನ್ನ ತೋಳು ಹಿಡ್ಕೊಂಡ. ಎಷ್ಟು ಗಂಟೆ ಆಯ್ತೋ, ಅಂದ. ಹತ್ತು, ಅಂದೆ. ಪುಟ ಮೂವತ್ತೊಂದು ಅಲ್ವಾ, ಅಂದ."

ಹೂಬೆರ್ಟ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಅದು ಆಟ, ಇಲ್ಲಿ ಬಾಟಲಿ ಹಾಕಿದ್ದೀವಿ, ಅಂದೆ. ನಕ್ಕ. ನೀನು ಬರೆದದ್ದು ಆಟ ಆಗಿದ್ರೆ ನಾನ್ಯಾಕೆ ಹನ್ನೊಂದು ವರ್ಷ ಜಗಳ ಆಡ್ತಿದ್ದೆ, ಅಂದ." ಗೆರಾರ್ಡ್ ನೀರು ಕುಡಿದ. "ಆಮೇಲೆ, ಹಾಗಾದ್ರೆ ಎತ್ತೋಕೆ ಮುಂಚೆ ಒಂದ್ಸಲ ಕೂಗು, ಅಂದ. ಕ್ಯಾಪ್ಟನ್ ಥರ. ಹೆಸರು ಹಿಡಿದು. ಇವತ್ತಿನ ಕೂಗು ಇನ್ನೂ ಬಾಕಿ ಇದೆ, ಅಂದ."

"ಕೂಗಿದ್ಯಾ?" ಎಂದಳು ಟ್ರೂಡಾ.

"ಸುಮ್ನಿರು, ಉಸಿರು ಉಳಿಸ್ಕೋ, ಅಂದೆ. ಎತ್ತಿ, ಅಂತ ಹಿಂದಿನೋರಿಗೆ ಹೇಳಿದೆ. ಎತ್ತಿದ್ರು. ನಾನು ಇಪ್ಪತ್ತು ಎಣಿಸೋಷ್ಟರಲ್ಲಿ ಅವನ ಕೈ ಬಿಟ್ಟುಹೋಯ್ತು."

ಟ್ರೂಡಾ ಅಳಲಿಲ್ಲ. ಒಡೆದ ಮೂಲೆಯ ದಾಳವನ್ನು ಬೆರಳುಗಳ ನಡುವೆ ತಿರುಗಿಸುತ್ತಿದ್ದಳು. ಅದನ್ನು ಉರುಳಿಸುವ ಯೋಚನೆ ಅವಳಿಗೆ ಇದ್ದಂತಿರಲಿಲ್ಲ. ಏನು ಬಿದ್ದಿತ್ತೆಂದು ವರ್ಷದ ಹಿಂದೆಯೇ ಅವಳಿಗೆ ಗೊತ್ತಾಗಿತ್ತು.

"ಕೂಗಿದ್ರೆ ಏನಾಗ್ತಿತ್ತು?" ಎಂದು ಕೇಳಿದಳು.

"ಏನೂ ಆಗ್ತಿರ್ಲಿಲ್ಲ ಟ್ರೂಡಾ. ದೇವರಾಣೆ. ಸಾವಿರ ಸಲ ಯೋಚನೆ ಮಾಡಿದ್ದೀನಿ. ಕೂಗಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಕೆಳಗಡೆ ಕಥೆ ನಡೆಯಲ್ಲ."

"ನಡೆಯಲ್ವಾ?" ಎಂದಳು ಅವಳು. "ನೀವು ಕೆಳಗೆ ಸತ್ತೋರನ್ನ ಸತ್ರು ಅನ್ನಲ್ಲ. ಮೇಲೆ ತರೋವರೆಗೂ ಮುಖಕ್ಕೆ ಉಸಿರಿನ ಮುಖವಾಡ ಹಾಕೇ ಇರ್ತೀರ. ಸ್ಟ್ರೆಚರ್ ಹೊತ್ಕೊಂಡು ಅವರ ಜೊತೆ ಮಾತಾಡ್ತಾ ಬರ್ತೀರ, ಇನ್ನೇನು ಬಂತು, ಇನ್ನೇನು ಬಂತು ಅಂತ. ಎವಾಲ್ಡ್‌ನನ್ನೂ ಹಾಗೇ ತಂದ್ರಿ, ಗೇಟಿನ ಹತ್ರ ನಿಂತು ನಾನೇ ನೋಡಿದೆ. ಅದು ನಿನ್ನ ಪುಸ್ತಕದಲ್ಲಿ ಎಷ್ಟನೇ ಪುಟ?"

ಪುಸ್ತಕದಲ್ಲಿ ಆ ಪುಟ ಇರಲಿಲ್ಲ. ತಂಡದವರೆಲ್ಲ ಮಾಡುತ್ತಿದ್ದ ಕೆಲಸ ಅದು, ಅವರ ಅಪ್ಪಂದಿರೂ ಮಾಡುತ್ತಿದ್ದದ್ದು. ಬರೆಯಬೇಕೆಂದು ಅವನಿಗೆ ಯಾವತ್ತೂ ಹೊಳೆದಿರಲಿಲ್ಲ.

"ಕೂಗಿದ್ರೂ ಏನೂ ಆಗ್ತಿರ್ಲಿಲ್ಲ ಅಂತೀಯ," ಎಂದಳು ಟ್ರೂಡಾ. "ಸರಿ, ನಂಬ್ತೀನಿ. ಏನೂ ಆಗ್ತಿರ್ಲಿಲ್ಲ ಅಂದ್ಮೇಲೆ ಕೂಗೋಕೆ ನಿನಗೇನಾಗಿತ್ತು?"

ಇದೇ ಪ್ರಶ್ನೆಗೆ ಅವನು ವರ್ಷವಿಡೀ ಹೆದರಿದ್ದ. ಅದಕ್ಕೆ ತಾನೇ ತನಗೆ ಹೇಳಿಕೊಂಡ ಉತ್ತರಗಳು ಬೇಕಾದಷ್ಟಿದ್ದವು. ಸಡಿಲವಾದ ಬಂಡೆಯ ಕೆಳಗೆ ಕೂಗಬಾರದು. ಆದರೆ ಹಿಂದೆ ಗರಗಸ ಕಿರುಚುತ್ತಿತ್ತು, ಒಬ್ಬನ ಗಂಟಲು ಅದಕ್ಕಿಂತ ಏನು ಹೆಚ್ಚು ಮಾಡೀತು? ಹೊತ್ತಿರಲಿಲ್ಲ. ಆದರೆ ಒಂದು ಹೆಸರು ಕೂಗಲು ಎಷ್ಟು ಹೊತ್ತು ಬೇಕು? ಸಾಯುವವನಿಗೆ ಸುಳ್ಳು ಆಸೆ ಕೊಡಬಾರದು. ಆದರೆ ಬಾಟಲಿಯ ಆಸೆ ಕೊಟ್ಟವನು ತಾನೇ ಅಲ್ಲವೇ? ಒಂದೊಂದನ್ನೇ ಕಿತ್ತು ಎಸೆದ ಮೇಲೆ ತಳದಲ್ಲಿ ಉಳಿಯುತ್ತಿದ್ದದ್ದು ಒಂದೇ. ಅದು ಬಹಳ ಸಣ್ಣದು. ಅಷ್ಟು ಸಣ್ಣದಾದ್ದರಿಂದಲೇ ಅವನಿಗೆ ಯಾರ ಮುಂದೆಯೂ ಇಡಲು ಆಗಿರಲಿಲ್ಲ.

"ನಾಚಿಕೆ ಆಯ್ತು," ಎಂದ.

ಟ್ರೂಡಾ ಕಾಯುತ್ತಿದ್ದಳು.

"ಹಿಂದೆ ನಾಲ್ಕು ಜನ ಇದ್ರು. ಅವರಿಗೆ ಈ ಆಟದ ವಿಷಯ ಗೊತ್ತಿರ್ಲಿಲ್ಲ. ನಾನು ಹೇಳಿರ್ಲಿಲ್ಲ. ಭಾನುವಾರ ಎಲ್ಲಿಗೆ ಹೋಗ್ತೀಯ ಅಂದ್ರೆ ಇಸ್ಪೀಟು ಅಂತಿದ್ದೆ. ಅವರೆದುರು... ಕ್ಯಾಪ್ಟನ್ ಥರ... ಈ ವಯಸ್ಸಲ್ಲಿ... ನಕ್ಕಾರು ಅಂದ್ಕೊಂಡೆ ಟ್ರೂಡಾ."

ಗೆರಾರ್ಡ್ ಬೈಗುಳಕ್ಕೆ ಕಾದ, ಕೆನ್ನೆಗೆ ಏಟು ಬಿದ್ದರೂ ಸಾಕೆನಿಸಿತು. ಟ್ರೂಡಾ ದಾಳವನ್ನು ಹಾಳೆಯ ಮೇಲೆ, ಬಾರ್ನಾಬಾ ಎಂದು ಎವಾಲ್ಡ್ ಸೊಟ್ಟ ಅಕ್ಷರದಲ್ಲಿ ಬರೆದಿದ್ದ ಕಡೆ ಇಟ್ಟಳು.

"ಈಗ ಕೂಗು," ಎಂದಳು.

"ಟ್ರೂಡಾ..."

"ಅವತ್ತಿನ ಕೂಗು ಬಾಕಿ ಇದೆ ಅಂದನಲ್ಲ. ಕೂಗು. ಬಾರ್ನಾಬಾ ಅಂತಲ್ಲ. ಅವನ ಹೆಸರು ಹಿಡಿದು."

ಗೆರಾರ್ಡ್ ರೂಫಿನ್‌ನ ಕಡೆ ನೋಡಿದ. ರೂಫಿನ್ ನೆಲ ನೋಡುತ್ತಿದ್ದ. ಗೆರಾರ್ಡ್ ಬಾಯಿ ತೆರೆದ. "ಎವಾಲ್ಡ್," ಎಂದ. ಅಂಗಡಿಯಲ್ಲಿ ಬೆಲೆ ವಿಚಾರಿಸಿದ ಹಾಗೆ ಬಂತು.

"ಅವನು ಕೇಳಿದ್ದು ಇದನ್ನಲ್ಲ," ಎಂದಳು ಟ್ರೂಡಾ.

ಆಗ ಅವನು ಎದ್ದು ನಿಂತ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಎವಾಲ್ಡ್! ಏಳೋ ಎವಾಲ್ಡ್!" ಎಂದು ಕೂಗಿದ. ಅಷ್ಟು ದೊಡ್ಡ ದನಿ ತನ್ನೊಳಗೆ ಇದ್ದದ್ದು ಅವನಿಗೇ ಗೊತ್ತಿರಲಿಲ್ಲ. ಬೀರುವಿನ ಗಾಜು ಅದುರಿತು, ಕೊನೆಯಲ್ಲಿ ದನಿ ಒಡೆದು ಹೋಯಿತು. ಬಾರ್ನಾಬಾನ ಹಾಳೆ ಇದ್ದಲ್ಲೇ ಇತ್ತು. ಯಾರೂ ಏಳಲಿಲ್ಲ.

ಆಮೇಲೆ ಕೊಳವೆಯಲ್ಲಿ ಟಣ್ ಟಣ್ ಟಣ್ ಎಂದು ಮೂರು ಸಲ ಸದ್ದು ಬಂತು.

ಮೇಲಿನ ಪೆಲಾಗಿಯಾ ಅಜ್ಜಿ. ಒಂದು ವರ್ಷ ಸುಮ್ಮನಿದ್ದ ಸೌಟು. ಮೂವರು ಗಂಡಸರಿಗೂ ಅದು ಗೊತ್ತಿತ್ತು, ಆದರೂ ಹೂಬೆರ್ಟ್ ಮುಖ ಬಿಳಿಚಿಕೊಂಡು ಶಿಲುಬೆಯ ಗುರುತು ಹಾಕಿಕೊಂಡ. ಗೆರಾರ್ಡ್‌ನ ಕೈ ಅವನನ್ನು ಕೇಳದೆ ಗೋಡೆಯ ಕಡೆ ಹೋಗಿ, ಬೆರಳ ಗೆಣ್ಣಿನಿಂದ ಕೊಳವೆಯ ಮೇಲೆ ಮೂರು ಸಲ ಬಡಿಯಿತು. ಬಡಿದು ಅಲ್ಲೇ ನಿಂತ, ಕಿವಿ ಕೊಟ್ಟು. ತಿರುಗಿ ಏನೂ ಬರಲಿಲ್ಲ. ಬರಬೇಕಾದದ್ದೂ ಏನಿರಲಿಲ್ಲ. ಕೊಳವೆ ಬಿಸಿಯಾಗಿತ್ತು, ಅವನು ಕೈ ತೆಗೆಯಲಿಲ್ಲ.

ಟ್ರೂಡಾ ದಾಳವನ್ನು ಮತ್ತೆ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಉಳಿದದ್ದನ್ನೆಲ್ಲ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಳು. ಹಸಿರು ಪುಸ್ತಕವನ್ನು ಮಾತ್ರ ಹೊರಗೆ, ಅವನ ಟೋಪಿಯ ಪಕ್ಕದಲ್ಲಿ ಇಟ್ಟಳು.

"ಎರಡು ಮಹಡಿ ಮೇಲಿರೋ ಕಿವುಡು ಅಜ್ಜಿಗೆ ಕೇಳಿಸ್ತು ಗೆರಾರ್ಡ್," ಎಂದಳು. "ಅವನು ನಿನ್ನ ತೋಳು ಹಿಡ್ಕೊಂಡಿದ್ದ. ಅವನಿಗೂ ಕೇಳಿಸ್ತಿತ್ತು."